ತಲೆಗೆ ಪೆಟ್ಟಾದ ಮಗುವನ್ನು ಮರಳಿ ಆಟಕ್ಕಿಳಿಸುವ ಮುನ್ನ

ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ತಂದೆತಾಯಿಗಳಲ್ಲಿಯೂ ಶಿಕ್ಷಕರಲ್ಲಿಯೂ ವಿಜ್ಞಾಪನೆ



ನಾಗರಪಂಚಮಿಯ ಜೋಕಾಲಿಯಿಂದ ಜಾರಿಯೋ, ಕಬಡ್ಡಿಯ ಅಂಗಳದಲ್ಲಿ ಮತ್ತೊಬ್ಬನ ಮೊಣಕಾಲು ತಾಗಿಯೋ, ಎರೆಮಣ್ಣಿನ ಹಾದಿಯಲ್ಲಿ ಬೈಕಿನಿಂದ ಉರುಳಿಯೋ ತಲೆಗೆ ಪೆಟ್ಟು ತಿಂದ ಮಗುವಿನ ಬುಗುಟಿಗೆ ಬೆಣ್ಣೆ ಸವರಿ, ರಕ್ತ ಬರಲಿಲ್ಲವೆಂದು ಸಮಾಧಾನಗೊಂಡು, ಮರುಗಳಿಗೆಯೇ ಅದನ್ನು ಆಟಕ್ಕೆ ಕಳುಹಿಸುವ ನಮ್ಮ ರೂಢಿಯು ಪ್ರೀತಿಯಿಂದ ಹುಟ್ಟಿದುದಾದರೂ ಅತ್ಯಂತ ಅಪಾಯಕರವಾದುದು.

ತಲೆಬುರುಡೆ ಬಿರಿಯದಿದ್ದರೂ ಹೊಡೆತದ ರಭಸಕ್ಕೆ ಒಳಗಣ ಮಿದುಳು ಅಲುಗಿ, ಅದರ ಜೀವಕೋಶಗಳ ವ್ಯಾಪಾರವು ಏರುಪೇರಾಗುತ್ತದೆ. ವೈದ್ಯರು ಕನ್ಕಷನ್ ಎನ್ನುವ ಈ ಆಘಾತವು ಸಿ.ಟಿ. ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕಾಣದು. ಆದುದರಿಂದ ‘ಸ್ಕ್ಯಾನ್ ನಾರ್ಮಲ್ ಐತಿ’ ಎಂಬ ಮಾತು ಮಗು ಗುಣವಾಯಿತೆಂಬುದಕ್ಕೆ ಪ್ರಮಾಣವಾಗಲಾರದು. ನಿನ್ನೆಯವರೆಗೆ ಒಂಬತ್ತರ ಮಗ್ಗಿಯನ್ನು ತಡವರಿಸದೆ ಒಪ್ಪಿಸುತ್ತಿದ್ದ ಹುಡುಗಿ ನಡುವೆಯೇ ನಿಂತುಬಿಟ್ಟರೆ, ಬೆಳಕಿಗೆ ಕಣ್ಣು ಕಿರಿದುಮಾಡಿದರೆ, ಕೇಳಿದುದನ್ನೇ ಮತ್ತೆ ಕೇಳಿದರೆ, ಅದನ್ನು ಸೋಮಾರಿತನವೆಂದು ಗದರಿಸಬೇಡಿರಿ.

ಮಾಯದ ಮಿದುಳಿಗೆ ಮತ್ತೊಂದು ಪೆಟ್ಟು ಬೀಳುವುದೇ ನಿಜವಾದ ಭಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಜ್ಯಾಕರಿ ಲಿಸ್ಟೆಡ್ ಎಂಬ 13 ವರ್ಷದ ಬಾಲಕನು ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಪೆಟ್ಟು ತಿಂದು, ಅದೇ ಪಂದ್ಯದಲ್ಲಿ ಮರಳಿ ಆಡಿ, ಮಿದುಳಿನ ರಕ್ತಸ್ರಾವದಿಂದ ಸಾವಿನ ಅಂಚನ್ನು ಮುಟ್ಟಿಬಂದನು. ಪೆಟ್ಟಿನ ಶಂಕೆಯಿರುವ ಮಗುವನ್ನು ಪರಿಣತರ ಲಿಖಿತ ಅನುಮತಿಯಿಲ್ಲದೆ ಅಂಗಳಕ್ಕೆ ಇಳಿಸಕೂಡದೆಂದು ಅವನ ಹೆಸರಿನ 2009ರ ಕಾಯಿದೆ ವಿಧಿಸಿತು. ನಮ್ಮ ಶಾಲೆಗಳು ಈ ನಿಯಮವನ್ನು ತಾವಾಗಿಯೇ ಪಾಲಿಸಲು ಸರಕಾರದ ಆಜ್ಞೆಗಾಗಿ ಕಾಯಬೇಕಾದುದಿಲ್ಲ.

ಮೊದಲ 24ರಿಂದ 48 ಗಂಟೆಗಳು ಮನೆಯಲ್ಲಿ ವಿಶ್ರಾಂತಿ, ಮೊಬೈಲು ದೂರವಿರಲಿ. ಅನಂತರವೂ ಕತ್ತಲೆಯ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದು ಹಿತವಲ್ಲ. ಮೆಲ್ಲನೆಯ ನಡಿಗೆ, ಅರ್ಧ ದಿನದ ಶಾಲೆ, ಮುಂದೆ ಪೂರ್ಣ ಶಾಲೆ, ಹಗುರವಾದ ಓಟ, ಕಟ್ಟಕಡೆಗೆ ವೈದ್ಯರು ಒಪ್ಪಿದ ಮೇಲೆ ಕಬಡ್ಡಿ, ಕುಸ್ತಿ. ಯಾವ ಹಂತದಲ್ಲಿ ತಲೆನೋವು ಹೆಚ್ಚಿದರೂ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಬಹುಪಾಲು ಮಕ್ಕಳು 4 ವಾರಗಳೊಳಗೆ ಚೇತರಿಸಿಕೊಳ್ಳುವರು. ಹಿಂದೆಯೂ ಪೆಟ್ಟು ತಿಂದವರಿಗೆ ಹೆಚ್ಚು ಕಾಲ ಹಿಡಿಯಬಹುದು. ಆದಕಾರಣ ಪ್ರತಿಯೊಂದು ಪೆಟ್ಟಿನ ದಿನಾಂಕವನ್ನೂ ಮನೆಯಲ್ಲಿ ಬರೆದಿಟ್ಟು, ವೈದ್ಯರಿಗೆ ತಪ್ಪದೆ ತೋರಿಸಿರಿ.

ಮೇಲಿಂದ ಮೇಲೆ ವಾಂತಿ, ಏರುತ್ತ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಕೈಕಾಲಿನ ನಿಶ್ಶಕ್ತಿ, ಕಿವಿ ಮೂಗುಗಳಿಂದ ನೀರು ಅಥವಾ ರಕ್ತ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿರಿ.