‘ನಿಮ್ಮಪ್ಪನ ಕಾರು ಈಗ ಎಲ್ಲಿದೆ?’

ಜರ್ಮನಿಯಲ್ಲಿ 30 ವರ್ಷ ತುಂಬಿದ ಕಾರಿಗೆ ಒಂದು ಮರ್ಯಾದೆ ಇದೆ. ಮೂಲ ರೂಪ ಕೆಡದೆ ಚೆನ್ನಾಗಿ ಉಳಿದಿದ್ದರೆ ನಂಬರ್ ಪ್ಲೇಟಿನ ಕೊನೆಗೆ ‘ಎಚ್’ ಅಕ್ಷರ ಸಿಗುತ್ತದೆ. ಎಚ್ ಅಂದರೆ ಹಿಸ್ಟೋರಿಶ್, ಐತಿಹಾಸಿಕ. ಎಂಜಿನ್ ಎಷ್ಟೇ ದೊಡ್ಡದಿರಲಿ, ವರ್ಷದ ತೆರಿಗೆ ಸುಮಾರು 191 ಯೂರೋ ಅಷ್ಟೇ. ‘ನಿಂಗೂ ಮೂವತ್ತಾಯ್ತಲ್ಲ, ಬೆನ್ನಿಗೊಂದು ಎಚ್ ಅಂಟಿಸೋಣ’ ಅಂತ ಡುಸೆಲ್‌ಡಾರ್ಫ್ ಸ್ಟೇಷನ್ನಿನಲ್ಲೇ ಗೆಳೆಯರು ಶುರು ಹಚ್ಚಿಕೊಂಡಿದ್ದರು.

ನಾವು ಮೂವರು ಒಂದೇ ಹಾಸ್ಟೆಲ್ ರೂಮಿನವರು. ಒಬ್ಬ ಅಲ್ಲೇ ಕೆಲಸದಲ್ಲಿದ್ದಾನೆ. ಇನ್ನಿಬ್ಬರು ರಜೆ, ವೀಸಾ ಎಲ್ಲ ಹೊಂದಿಸಿಕೊಂಡು ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಹೋಗಿದ್ವಿ. ಡುಸೆಲ್‌ಡಾರ್ಫ್‌ನಿಂದ ರೈಲಲ್ಲಿ ಅರ್ಧ ಗಂಟೆ ಹೋದರೆ ಎಸ್ಸೆನ್. ಒಂದು ಕಾಲದ ಕಲ್ಲಿದ್ದಲಿನ ಊರು. ಆಗ ಅಲ್ಲಿ ‘ಟೆಕ್ನೋ ಕ್ಲಾಸಿಕಾ’ ಅನ್ನೋ ಹಳೇ ಕಾರುಗಳ ದೊಡ್ಡ ಮೇಳ ನಡೀತಿತ್ತು.

ಒಂದು ಹಾಲ್‌ನಲ್ಲಿ ಕನ್ನಡಿಯಂತೆ ಹೊಳೆಯುವ ಮರ್ಸಿಡಿಸ್‌ಗಳು. ಬೆಲೆ ನೋಡಿ ರೂಪಾಯಿಗೆ ಲೆಕ್ಕ ಹಾಕೋದನ್ನ ಬಿಟ್ಟುಬಿಟ್ವಿ. ಇನ್ನೊಂದು ಕಡೆ ಕಾರ್ಬ್ಯುರೇಟರ್, ಹೆಡ್‌ಲೈಟ್, ತುಕ್ಕು ಹಿಡಿದ ಬೋಲ್ಟುಗಳನ್ನ ಮೇಜಿನ ಮೇಲೆ ಹರಡಿಕೊಂಡು ಕೂತ ಅಜ್ಜಂದಿರು. ನಮ್ಮ ಸಂತೆ ಥರಾನೇ. ನಂಗೆ ಇಷ್ಟ ಆಗಿದ್ದು ಕ್ಲಬ್‌ಗಳ ಜಾಗ. ಅಲ್ಲಿ ಮಾರೋಕೆ ಯಾರೂ ಬಂದಿರಲಿಲ್ಲ. ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ಕಾಫಿ ಕುಡೀತಾ ಕೂತಿದ್ರು.

ಅಂಥದ್ದೊಂದು ಕಡೆ ಕಾಲು ನಿಂತುಬಿಡ್ತು. ಫಿಯೆಟ್ 1100 ಡಿ. ಅದೇ ಮೂತಿ, ಅದೇ ದುಂಡು ದೀಪ, ಸ್ಟೀರಿಂಗ್ ಪಕ್ಕದಲ್ಲೇ ಗೇರು. ನಮ್ಮ ಪ್ರೀಮಿಯರ್ ಪದ್ಮಿನಿಯ ತವರು ಇದೇ ಕಾರು. ಇದಕ್ಕೆ 1221 ಸಿಸಿ ಎಂಜಿನ್, ನಮ್ಮ ಪದ್ಮಿನಿಗೆ 1089 ಸಿಸಿ. ಇಟಲಿ 1966ರಲ್ಲಿ ಇದನ್ನ ನಿಲ್ಲಿಸಿದ ಮೇಲೂ ಮುಂಬೈನ ಕುರ್ಲಾದಲ್ಲಿ ದಶಕಗಳ ಕಾಲ ತಯಾರಾಯಿತು.

ನಾನು ಹಲ್ಲು ಕಿರಿಯೋದು ನೋಡಿ ಮಾಲೀಕರು ಬಾಗಿಲು ತೆಗೆದು ಕೂರಿಸಿದರು. ಅವರ ತಂದೆ ಇಟಲಿಯಿಂದ ಇಲ್ಲಿನ ಗಣಿ ಕೆಲಸಕ್ಕೆ ಬಂದವರಂತೆ. 1955ರಲ್ಲಿ ಎರಡು ದೇಶಗಳ ನಡುವೆ ಒಪ್ಪಂದವಾದ ಮೇಲೆ ಹಾಗೆ ತುಂಬಾ ಜನ ಬಂದಿದ್ದರು. ‘ಇದು ನಮ್ಮಪ್ಪನ ಮೊದಲ ಕಾರು’ ಅಂದರು. ನಮ್ಮಪ್ಪನದೂ ಇದೇ ಅಂದೆ.

‘ಹೌದಾ! ಈಗ ಎಲ್ಲಿದೆ?’

‘ಊರಲ್ಲಿ, ಶೆಡ್‌ನಲ್ಲಿದೆ’ ಅಂದೆ.

ಸುಳ್ಳು. ಪಕ್ಕದಲ್ಲಿದ್ದ ಗೆಳೆಯ ನನ್ನ ಮುಖ ನೋಡಿ ಸುಮ್ಮನಾದ. ಅವನಿಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ ಬೋನಸ್ ಬಂದಾಗ ಹಾಸನದ ಮನೆಗೆ ಹೊಸ ಆಟೋಮ್ಯಾಟಿಕ್ ಕಾರು ತಂದು ನಿಲ್ಲಿಸಿದ್ದೆ. ಜಾಗ ಬೇಕಲ್ಲ ಅಂತ ಪದ್ಮಿನಿಯನ್ನ ಗುಜರಿಯವನಿಗೆ ಕೊಟ್ಟೆ. ಅಪ್ಪ ಮೇಷ್ಟ್ರಾಗಿದ್ದಾಗ ಸೆಕೆಂಡ್‌ಹ್ಯಾಂಡ್ ತಗೊಂಡ 1978ರ ಗಾಡಿ. ಅವರನ್ನ ಒಂದು ಮಾತು ಕೇಳಲಿಲ್ಲ. ಅವರೂ ಏನೂ ಅನ್ನಲಿಲ್ಲ. ನಮ್ಮಲ್ಲೂ 2021ರಿಂದ 50 ವರ್ಷ ದಾಟಿದ ಗಾಡಿಗಳಿಗೆ ‘ವಿಎ’ ಅನ್ನೋ ಬೇರೆ ನಂಬರ್ ಸರಣಿ ಇದೆ. ಅದು ನಂಗೆ ಗೊತ್ತಾಗಿದ್ದೂ ಆಮೇಲೆ.

ರಾತ್ರಿ ಅಪ್ಪನಿಗೆ ಫೋಟೋ ಕಳಿಸಿದೆ. ಬೆಳಿಗ್ಗೆ ಏಳಕ್ಕೇ ಫೋನ್.

‘ಗೇರು ಹಾಕಿ ನೋಡಿದ್ಯಾ? ಎರಡನೇದಕ್ಕೆ ಸ್ವಲ್ಪ ತಡೆದು ಹಾಕ್ಬೇಕು. ಚೋಕ್ ಎಲ್ಲಿದೆ ಅದರಲ್ಲಿ?’

ಹದಿನೈದು ನಿಮಿಷ ಮಾತಾಡಿದರು. ಫೋನಲ್ಲಿ ನಮ್ಮದು ಸಾಮಾನ್ಯವಾಗಿ ‘ಊಟ ಆಯ್ತಾ’ಗೆ ಮುಗಿಯುತ್ತೆ.

‘ಅಪ್ಪಾ, ಅವತ್ತು ನಿಮ್ಮನ್ನ ಕೇಳ್ಬೇಕಿತ್ತು’ ಅಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ‘ಹೋಗ್ಲಿ ಬಿಡು. ಕೂತು ನೋಡಿದ್ಯಲ್ಲ’ ಅಂದರು.

ಮೊನ್ನೆ ಊರಿಗೆ ಹೋದಾಗ ಶೆಡ್ಡಿನ ನೆಲ ನೋಡಿದೆ. ಹೊಸ ಕಾರಿನ ಕೆಳಗೆ ಪದ್ಮಿನಿ ಸೋರಿಸಿದ ಆಯಿಲ್ ಕಲೆ ಹಾಗೇ ಇದೆ. ಟೈಲ್ಸ್ ಹಾಕಿಸೋದು ನನ್ನ ಪ್ಲ್ಯಾನ್. ಈ ಸಲ ಮೊದಲು ಅಪ್ಪನನ್ನ ಕೇಳಿದೆ.

ಬೇಡ ಅಂದರು.