ಗಾಯದ ಔಷಧವು ಗಾಯದಲ್ಲಿಯೇ ನಿಲ್ಲತಕ್ಕದ್ದು

ನೊಗವು ಒತ್ತಿ ಎತ್ತಿನ ಹೆಗಲು ಸುಲಿದಾಗ ಅದನ್ನು ಅಲ್ಪವೆಂದು ಉಪೇಕ್ಷಿಸುವವರು ಕೆಲವರು. ಕೂಡಲೇ ಆಂಟಿಬಯಾಟಿಕ್ ಸೂಜಿಮದ್ದು ಹಾಕಿಸುವವರು ಮತ್ತೆ ಕೆಲವರು. ಉಪೇಕ್ಷೆಯಿಂದ ಗಾಯವು ಕೀವಾಗಿ, ಉಳುಮೆಯ ಹದದಲ್ಲಿಯೇ ಎತ್ತು ಕೊಟ್ಟಿಗೆಯಲ್ಲಿ ನಿಲ್ಲುವುದು. ಸೂಜಿಮದ್ದಾದರೋ ಅಂಗೈಯಗಲದ ಗಾಯಕ್ಕಾಗಿ ಸರ್ವಾಂಗಕ್ಕೂ ಹರಡುವುದು. ಹಸುವಾದರೆ ಹಾಲಿಗೂ ಇಳಿಯಬಹುದು. ಪದೇ ಪದೇ ಹೀಗೆ ಮಾಡಿದಲ್ಲಿ ಔಷಧಕ್ಕೆ ಬಗ್ಗದ ಕ್ರಿಮಿಗಳು ಮಾತ್ರ ಉಳಿದು ವೃದ್ಧಿಯಾಗುತ್ತವೆ. 2019ನೆಯ ಇಸವಿಯೊಂದರಲ್ಲಿಯೇ ಇಂತಹ ಕ್ರಿಮಿಗಳ ದೆಸೆಯಿಂದ ಲೋಕದಲ್ಲಿ ಸುಮಾರು 12.7 ಲಕ್ಷ ಜನರು ಮೃತರಾದರೆಂದು ಅಂದಾಜಾಗಿದೆ. ಅದೇ ವರ್ಷ ಭಾರತ ಸರ್ಕಾರವು ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕೊದಗುವ ಪಶುಪಕ್ಷಿಗಳಿಗೆ ಬಳಸಕೂಡದೆಂದು ನಿಷೇಧಿಸಿತು.

ಆದಕಾರಣ, ಔಷಧವನ್ನು ಗಾಯದಲ್ಲಿಯೇ ನಿಲ್ಲಿಸುವ ಕ್ರಮವು ಶ್ರೇಯಸ್ಕರವಾದುದು. ವಿಜ್ಞಾನಿಗಳು ಸಿದ್ಧಪಡಿಸುತ್ತಿರುವ ಕ್ರಿಮಿನಾಶಕ ಹೈಡ್ರೋಜೆಲ್ ಇದಕ್ಕೆ ತಕ್ಕ ಸಾಧನವಾಗಿದೆ. ಕಾಮಕಸ್ತೂರಿಯ ಬೀಜವನ್ನು ನೆನೆಯಿಟ್ಟರೆ ಅದರ ಸುತ್ತ ನೀರನ್ನು ಹಿಡಿದ ಲೋಳೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಹೈಡ್ರೋಜೆಲ್ಲಿನ ಸ್ವಭಾವವೂ ಅಂತಹುದೇ. ಇಂತಹ ಲೋಳೆಗಳನ್ನು ದೇಹಕ್ಕೆ ಬಳಸಬಹುದೆಂದು ಚೆಕ್ ದೇಶದ ವಿಖ್ಟರ್ಲೆ ಮತ್ತು ಲಿಮ್ ಎಂಬವರು 1960ರಲ್ಲಿ ಪ್ರಕಟಿಸಿದರು. ತೇವವಾಗಿ ಮುಚ್ಚಿದ ಗಾಯವು ಒಣಗಲು ಬಿಟ್ಟ ಗಾಯಕ್ಕಿಂತ ಬೇಗನೆ ಚರ್ಮಗಟ್ಟುವುದೆಂದು ಇಂಗ್ಲೆಂಡಿನ ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲಣ ಪ್ರಯೋಗದಿಂದ ತೋರಿಸಿದರು. ಈ ಲೋಳೆಯಲ್ಲಿ ಬೆಳ್ಳಿಯ ಕಣಗಳನ್ನಾಗಲಿ, ಸೀಗಡಿಯ ಚಿಪ್ಪಿನಿಂದ ತೆಗೆದ ಕೈಟೋಸಾನನ್ನಾಗಲಿ ಸೇರಿಸಿದರೆ, ಗಾಯವು ತೇವವಾಗಿಯೂ ಇರುವುದು, ಕ್ರಿಮಿಗಳೂ ನೆಲೆಯೂರಲಾರವು.

ಆದರೆ ಎರಡು ವಿಷಯಗಳನ್ನು ಮರೆಯಲಾಗದು. ಮನುಷ್ಯರ ಪ್ರಾಣ ಉಳಿಸುವ ಆಂಟಿಬಯಾಟಿಕ್ಕುಗಳನ್ನೇ ಲೇಪಕ್ಕೆ ತುಂಬಿದರೆ ಹಳೆಯ ದೋಷವೇ ಹೊಸ ವೇಷದಲ್ಲಿ ಬರುವುದು. ಬೆಳ್ಳಿಗೆ ಸಹ ಬಗ್ಗದ ಕ್ರಿಮಿಗಳು ಕಂಡುಬಂದಿವೆ. ಇದಲ್ಲದೆ, ಪ್ರಯೋಗಶಾಲೆಯ ಇಲಿಗೆ ಫಲಿಸಿದ್ದು ಕೆಸರಿನಲ್ಲಿ ದುಡಿಯುವ ಎತ್ತಿಗೂ ಫಲಿಸುವುದೆಂದು ನಂಬತಕ್ಕದ್ದಲ್ಲ. ಲೇಪವು ನೊಣ, ಸಗಣಿ, ಬಿಸಿಲುಗಳ ನಡುವೆ ಪರೀಕ್ಷಿತವಾಗಿ, ಒಂದು ಜೊತೆ ಎತ್ತಿನ ರೈತನಿಗೂ ಎಟಕುವ ಬೆಲೆಗೆ ದೊರೆತಾಗಲೇ ಅದರ ಪ್ರಯೋಜನ ಪೂರ್ಣವಾಗುವುದು.

ಎಂತಹ ಲೇಪವೂ ಕೊಳೆಯ ಮೇಲೆ ಕೆಲಸ ಮಾಡಲಾರದು. ಗಾಯವನ್ನು ಆಗಿಂದಾಗ್ಗೆ ಶುದ್ಧಜಲದಿಂದ ತೊಳೆಯುವುದು, ಮಾಯುವವರೆಗೆ ನೊಗ ಹೂಡದಿರುವುದು, ಒರಟು ನೊಗವನ್ನು ನಯಗೊಳಿಸುವುದು, ಕೀವು ಕಂಡೊಡನೆ ಪಶುವೈದ್ಯರಿಗೆ ತೋರಿಸುವುದು, ಸೂಜಿಮದ್ದು ಹಾಕಿಸಿದ ಹಸುವಿನ ಹಾಲನ್ನು ಅವರು ಹೇಳಿದಷ್ಟು ದಿನ ಬಳಸದಿರುವುದು: ಇವು ಹೆಚ್ಚು ವೆಚ್ಚವಿಲ್ಲದ ಕೆಲಸಗಳು. ಗ್ರಾಮದ ಮುಖಂಡರೂ ಜಮೀನುದಾರರೂ ಇವನ್ನು ಮೊದಲು ತಮ್ಮ ಕೊಟ್ಟಿಗೆಗಳಲ್ಲಿ ನಡೆಸಿದರೆ, ಉಳಿದ ರೈತರು ನೋಡಿ ಅನುಸರಿಸುವರು.