ಓಡುವವರ ಮೇಲೆ ನಮಗೇಕೆ ಮುನಿಸು?



ಪೀಳಮೇಡಿನ ಅವಿನಾಶಿ ರಸ್ತೆಯಲ್ಲಿ ಬೆಳಗಿನ ಹೊತ್ತು ಓಡುವವರನ್ನು ನೀವು ನೋಡಿರುತ್ತೀರಿ. ಆಸ್ಪತ್ರೆಗೆಂದೋ, ಓದುವ ಮಕ್ಕಳನ್ನು ನೋಡಲೆಂದೋ ತೋಟದಿಂದ ಇಳಿದು ಬಂದಾಗ, ಚಹಾ ಅಂಗಡಿಯ ಮುಂದೆ ಅವರ ಬಗ್ಗೆ ಆಡುವ ಮಾತನ್ನೂ ಕೇಳಿರುತ್ತೀರಿ. “ಕೆಲಸವಿಲ್ಲದವರಿಗೆ ಇದೊಂದು ಕೆಲಸ.” “ಅವರು ತಿಂದದ್ದು ಅರಗಿಸಲು ಓಡುತ್ತಾರೆ, ನಾವು ತಿನ್ನುವುದಕ್ಕಾಗಿ ಓಡುತ್ತೇವೆ.”

ಈ ಮಾತು ಬೆಟ್ಟ ಹತ್ತಿ ಲೈನು ಮನೆಗಳಿಗೂ ಬಂದಿದೆ. ಪೊಲೀಸ್ ಆಯ್ಕೆಯಲ್ಲಿ 1500 ಮೀಟರ್ ಓಡಬೇಕೆಂದು ನಮ್ಮ ಹುಡುಗನೊಬ್ಬ ತೋಟದ ರಸ್ತೆಯಲ್ಲಿ ಅಭ್ಯಾಸ ಮಾಡಿದರೆ ನಗುತ್ತಾರೆ. ಹುಡುಗಿ ಓಡಿದರೆ ನಗುವಿಗಿಂತ ಕೆಟ್ಟದ್ದನ್ನು ಆಡುತ್ತಾರೆ. ಈ ಮುನಿಸು ತಪ್ಪು ಜನರ ಮೇಲೆ ಬಿದ್ದಿದೆ ಎಂಬುದೇ ನಮ್ಮ ವಾದ.

ಮೊದಲು ನ್ಯಾಯವಾದದ್ದನ್ನು ಒಪ್ಪಿಕೊಳ್ಳೋಣ. ಬೆಳಗಿನಿಂದ ಇಳಿಜಾರಿನಲ್ಲಿ ನಿಂತು ಎಲೆ ಕಿತ್ತು, ಮೂಟೆ ಹೊತ್ತು ತೂಕದ ಕಡೆಗೆ ನಡೆದ ಹೆಣ್ಣುಮಗಳಿಗೆ “ಸಂಜೆ ಸ್ವಲ್ಪ ಓಡಮ್ಮ” ಎನ್ನುವುದು ಗಾಯಕ್ಕೆ ಉಪ್ಪು ಸವರಿದಂತೆ. ಕೊಯಮತ್ತೂರಿನಲ್ಲಿ 2013ರಿಂದ ಮ್ಯಾರಥಾನ್ ಓಟ ನಡೆಯುತ್ತಿದೆ. ಕ್ಯಾನ್ಸರ್ ರೋಗಿಗಳ ನೆರವಿಗೆಂದು ಆರಂಭವಾದ ಒಳ್ಳೆಯ ಕೆಲಸ ಅದು. ಆದರೆ ಅಂಥ ಓಟಗಳಿಗೆ ಶುಲ್ಕ ಕಟ್ಟಬೇಕು, ಬೂಟು ಬೇಕು, ಬಿಡುವು ಬೇಕು. ಈ ಮೂರೂ ಇಲ್ಲದವನಿಗೆ ಅದು ಪರರ ಮನೆಯ ಮದುವೆಯಂತೆ ಕಾಣಿಸಿದರೆ ಅವನ ತಪ್ಪೇನು?

ಇಷ್ಟನ್ನು ಒಪ್ಪಿದ ಮೇಲೆ ಒಂದು ಮಾತು ಕೇಳುತ್ತೇವೆ. ಓಡುವವನು ನಿಮಗೆ ಏನಾದರೂ ಅಂದನೇ? ತನ್ನ ಪಾಡಿಗೆ ತಾನು ಹೋದ. ಆದರೂ “ನೀನು ಸೋಮಾರಿ” ಎಂದು ಅವನು ಅಂದಂತೆ ನಮ್ಮ ಕಿವಿಗೆ ಕೇಳಿಸುತ್ತದೆ. ಆ ಮಾತು ಅವನ ಬಾಯಿಂದ ಬಂದದ್ದಲ್ಲ, ನಮ್ಮ ಮನಸ್ಸಿನೊಳಗಿಂದಲೇ ಎದ್ದದ್ದು. ಕುಡಿತ ಬಿಟ್ಟವನ ಮೇಲೆ ಲೈನಿನಲ್ಲಿ ಮೊದಲು ಸಿಟ್ಟಾಗುವವರು ಯಾರು? ಅವನ ಜೊತೆ ಕುಡಿಯುತ್ತಿದ್ದವರೇ ಅಲ್ಲವೇ? ಅವನು ಯಾರಿಗೂ ಬುದ್ಧಿ ಹೇಳದಿದ್ದರೂ ಅವನು ಬಿಟ್ಟದ್ದೇ ಅವರನ್ನು ಚುಚ್ಚುತ್ತದೆ. ವಯಸ್ಸಾದ ಮೇಲೆ ಸ್ಲೇಟು ಹಿಡಿದು ಅಕ್ಷರ ಕಲಿಯುವವರಿಗೂ ಇದೇ ಪಾಡು. ಓಡುವವರ ಮೇಲಿನ ಮುನಿಸೂ ಬಹುಪಾಲು ಇದೇ ಜಾತಿಯದು.

“ನಮ್ಮ ದುಡಿಮೆಯೇ ನಮಗೆ ವ್ಯಾಯಾಮ” ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ಕಾರ್ಮಿಕರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಡ್ರೈವರ್‌ಗಳಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಅದರಿಂದ ತಿಳಿಯಿತು. ಮೈ ಆಡಿಸುವ ಕೆಲಸದಿಂದ ಲಾಭವುಂಟು.

ಉಳಿದ ಅರ್ಧವನ್ನೂ ಕೇಳಿರಿ. 2021ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್‌ನ ಒಂದು ಲಕ್ಷಕ್ಕೂ ಹೆಚ್ಚು ಜನರ ಬಗ್ಗೆ ನಡೆದ ಅಧ್ಯಯನ ಪ್ರಕಟವಾಯಿತು. ಬಿಡುವಿನಲ್ಲಿ ಮೈ ಆಡಿಸುವವರಲ್ಲಿ ಹೃದಯದ ಕಾಯಿಲೆ ಕಡಿಮೆಯಿತ್ತು. ಕೆಲಸದಲ್ಲೇ ಬಹಳ ಮೈ ದಣಿಸುವವರಲ್ಲಿ ಅದು ಹೆಚ್ಚಿತ್ತು. ಭಾರ ಹೊರುವುದು, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ದುಡಿಯುವುದು, ಸಾಕಷ್ಟು ವಿಶ್ರಾಂತಿ ಸಿಗದಿರುವುದು ಇದಕ್ಕೆ ಕಾರಣವಿರಬಹುದೆಂದು ತಿಳಿದವರು ಹೇಳುತ್ತಾರೆ. ಓಡುವವನು ಸುಸ್ತಾದರೆ ನಿಲ್ಲುತ್ತಾನೆ. ಎಲೆ ಕೀಳುವವಳು ಸುಸ್ತಾದರೆ ನಿಲ್ಲಬಲ್ಲಳೇ? ಮೇಸ್ತ್ರಿ ಕೂಗುತ್ತಾನೆ, ತೂಕ ಕಡಿಮೆಯಾಗುತ್ತದೆ. ಆದುದರಿಂದ ದುಡಿಮೆ ಬೇರೆ, ವ್ಯಾಯಾಮ ಬೇರೆ. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋದ ನಮ್ಮ ಮಕ್ಕಳಂತೂ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತೇ ಇರುತ್ತಾರೆ. ಅವರಿಗೆ ಆ ಅರ್ಧ ಲಾಭವೂ ಇಲ್ಲ.

ಇನ್ನು ಹುಡುಗಿಯರ ವಿಷಯ. ಓಡುವ ಹುಡುಗಿಯನ್ನು ಗಂಡುಬೀರಿ ಎನ್ನುವ ಹಿರಿಯರೇ, ಈ ಬುದ್ಧಿ ನಮ್ಮ ಬೆಟ್ಟದಲ್ಲೇ ಹುಟ್ಟಿದ್ದಲ್ಲ. 1967ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬಾಕೆ ಓಡುತ್ತಿದ್ದಾಗ ಓಟದ ಅಧಿಕಾರಿಯೊಬ್ಬರು ಬೆನ್ನಟ್ಟಿ ಬಂದು ಆಕೆಯ ನಂಬರಿನ ಚೀಟಿಯನ್ನು ಕೀಳಲು ಹೋದರು. ಆಕೆ ನಿಲ್ಲಲಿಲ್ಲ, ಓಟ ಮುಗಿಸಿಯೇ ಬಿಟ್ಟಳು. 1984ರಲ್ಲಿ ಒಲಿಂಪಿಕ್ಸಿನಲ್ಲೇ ಹೆಂಗಸರ ಮ್ಯಾರಥಾನ್ ನಡೆಯಿತು. ಮೂಟೆ ಹೊತ್ತು ಬೆಟ್ಟ ಹತ್ತುವಾಗ ಹೆಣ್ಣೆಂದು ರಿಯಾಯಿತಿ ಕೊಡದ ನಾವು, ಅವಳು ಓಡಿದಾಗ ಮಾತ್ರ ಹೆಣ್ಣೆಂದು ನೆನಪಿಸಿಕೊಳ್ಳುವುದು ಯಾವ ನ್ಯಾಯ?

ಕೆಲವರು ವೇದವಾಕ್ಯವನ್ನೇ ಹಿಡಿದು ಬರುತ್ತಾರೆ: ದೇಹದ ಸಾಧನೆಯಿಂದ ಲಾಭ ಸ್ವಲ್ಪವೇ ಎಂದು ಪೌಲನು ತಿಮೊಥೆಯನಿಗೆ ಬರೆದನಲ್ಲವೇ ಎಂದು. ಹೌದು, ಸ್ವಲ್ಪ ಎಂದನು, ಇಲ್ಲವೆನ್ನಲಿಲ್ಲ. ಓಟಗಾರನನ್ನು ವಿಶ್ವಾಸಿಗೆ ಮಾದರಿಯಾಗಿ ತೋರಿಸಿದವನೂ ಅವನೇ. ಭಾನುವಾರ ಓಟ ಇಡುತ್ತಾರಲ್ಲ ಎಂಬ ದೂರು ಮಾತ್ರ ನ್ಯಾಯವಾದದ್ದು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಸುತ್ತು ಭಾನುವಾರ ಬಿದ್ದದ್ದರಿಂದ ಎರಿಕ್ ಲಿಡೆಲ್ ಅದರಲ್ಲಿ ಓಡಲಿಲ್ಲ. ಹಾಗೆಂದು ಓಟವನ್ನೇ ದೂಷಿಸಲೂ ಇಲ್ಲ. 400 ಮೀಟರ್ ಓಡಿ ಚಿನ್ನ ಗೆದ್ದರು. ಆಮೇಲೆ ಮಿಷನರಿಯಾಗಿ ಚೀನಾಕ್ಕೆ ಹೋಗಿ, 1945ರಲ್ಲಿ ಅಲ್ಲಿಯ ಸೆರೆಶಿಬಿರದಲ್ಲಿ ತೀರಿಕೊಂಡರು.

ಓಡುವವರಿಗೂ ಒಂದು ಮಾತು. ಬೂಟಿನ ಬೆಲೆ ಹೇಳಿ ಮೆರೆಯಬೇಡಿರಿ. ದಣಿದು ಬಂದವರಿಗೆ ಆರೋಗ್ಯದ ಉಪದೇಶ ಮಾಡಬೇಡಿರಿ. ರಸ್ತೆ ಕಟ್ಟಿ ಓಡುವ ದಿನ, ಪಾಳಿಗೆ ಹೋಗುವವನ ಬಸ್ಸು ಎಲ್ಲಿ ನಿಂತಿದೆ ಎಂದು ಸ್ವಲ್ಪ ಯೋಚಿಸಿರಿ.

ಹಾಗಾದರೆ ನಮ್ಮ ಸಿಟ್ಟು ಯಾರ ಮೇಲೆ ಇರಬೇಕು? ಒಬ್ಬನಿಗೆ ಬೆಳಗಿನ ಒಂದು ಗಂಟೆ ತನ್ನದಾಗಿದೆ, ಇನ್ನೊಬ್ಬನಿಗೆ ಆ ಗಂಟೆಯೂ ಇಲ್ಲ. ಸಿಟ್ಟು ಈ ಏರ್ಪಾಡಿನ ಮೇಲಿರಲಿ. 1886ರಲ್ಲಿ ಶಿಕಾಗೋದ ಕಾರ್ಮಿಕರು ಎಂಟು ಗಂಟೆಯ ದಿನಕ್ಕಾಗಿ ಹೋರಾಡಿದ್ದು ಏಕೆ? ದುಡಿಮೆಗೆ ಒಂದು ಪಾಲು, ನಿದ್ರೆಗೆ ಒಂದು ಪಾಲು, ಉಳಿದ ಪಾಲು ಮನುಷ್ಯನ ಸ್ವಂತದ್ದಾಗಿರಲಿ ಎಂದೇ. 1923ರಲ್ಲಿ ಸಿಂಗಾರವೇಲರು ಮದ್ರಾಸಿನಲ್ಲಿ ನಮ್ಮ ದೇಶದ ಮೊದಲ ಮೇ ದಿನ ಆಚರಿಸಿದ್ದೂ ಆ ಹೋರಾಟದ ನೆನಪಿಗಾಗಿಯೇ. ಆ ಸ್ವಂತದ ಪಾಲಿನಲ್ಲಿ ಓದಬಹುದು, ಹಾಡಬಹುದು, ಓಡಲೂಬಹುದು. ಅದರಲ್ಲಿ ಓಡುವವನನ್ನು ಹಂಗಿಸುವುದೆಂದರೆ ನಮ್ಮ ಹಿರಿಯರು ಕಷ್ಟಪಟ್ಟು ಗೆದ್ದದ್ದನ್ನೇ ಹಂಗಿಸಿದಂತೆ.

1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಕಾರ್ಮಿಕರ ಮನರಂಜನೆಯ ಸೌಕರ್ಯದ ಮಾತಿತ್ತು. 2020ರ ಹೊಸ ಸಂಹಿತೆಯಲ್ಲೂ ಮನೆ, ಶಿಶುವಿಹಾರ, ಶಿಕ್ಷಣ, ಆರೋಗ್ಯದ ಜೊತೆಗೆ ಅದನ್ನೂ ಸೇರಿಸಿದ್ದಾರೆ. ನಿಮ್ಮ ತೋಟದಲ್ಲಿ ಮಕ್ಕಳು ಓಡುವ ಮೈದಾನ ಎಲ್ಲಿದೆ? ವಾಲ್ಪಾರೈ ಬೆಟ್ಟದಲ್ಲಿ ಆನೆ ಚಿರತೆಗಳ ಭಯವಿದೆ. ಕತ್ತಲಲ್ಲಿ ರಸ್ತೆಗಿಳಿದು ಓಡಿರೆಂದು ನಾವು ಹೇಳುವುದಿಲ್ಲ. ಅದಕ್ಕೇ ಲೈನಿನ ಹತ್ತಿರ ಬೇಲಿ ಹಾಕಿದ, ದೀಪವಿರುವ ಒಂದು ತುಂಡು ನೆಲ ಬೇಕು. ಸಂಘದ ಮುಂದಿನ ಸಭೆಯಲ್ಲಿ ಕೂಲಿಯ ಮಾತಿನ ಜೊತೆಗೆ ಈ ನೆಲದ ಮಾತನ್ನೂ ಎತ್ತಿರಿ.

ಅಲ್ಲಿಯವರೆಗೆ, ಲೈನಿನ ಹುಡುಗಿಯೊಬ್ಬಳು ಓಡುತ್ತಾ ನಿಮ್ಮ ಬಾಗಿಲ ಮುಂದೆ ಹಾದುಹೋದರೆ, ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳಿರಿ. ಅವಳಿಗೆ ದಾರಿ ಬಿಡಿರಿ.